‘ಲೇಜೆಲ್‌ಗೆ ಇದು ಹಿಡಿಸಲಿಲ್ಲ’: ಸಿಟ್ಟು ತರಿಸುವ ಸಂಗಾತಿಗಳ ಜೊತೆ ಆಟ ಮುಂದುವರಿಸುವುದು ಹೇಗೆ?

ಪ್ರಶ್ನೆ: ಸರ್, ನಾನು ಶಿವಮೊಗ್ಗದಲ್ಲಿ ಬ್ಯಾಂಕ್ ಉದ್ಯೋಗಿ. ಐರ್ಲೆಂಡಿನಲ್ಲಿರುವ ತಮ್ಮ ನನ್ನ ಹುಟ್ಟುಹಬ್ಬಕ್ಕೆ ‘ಬಾಲ್ಡರ್ಸ್ ಗೇಟ್ 3’ ಎಂಬ ಕಂಪ್ಯೂಟರ್ ಗೇಮ್ ಕೊಡಿಸಿದ. ಮಗಳು ಮಲಗಿದ ಮೇಲೆ ಹತ್ತರಿಂದ ಹನ್ನೊಂದೂವರೆವರೆಗೆ ಆಡುತ್ತೇನೆ. 60 ಗಂಟೆ ಆಯಿತು, ಇನ್ನೂ ಆಕ್ಟ್ 1 (ಕಥೆಯ ಮೊದಲ ಭಾಗ) ಮುಗಿದಿಲ್ಲ. ಕಥೆ ಚೆನ್ನಾಗಿದೆ, ಜೊತೆಗಿರುವವರನ್ನು ಸಹಿಸಲಾಗುತ್ತಿಲ್ಲ. ಯಾರಿಗಾದರೂ ಬಿಟ್ಟಿ ಸಹಾಯ ಮಾಡಿದರೆ ಅಸ್ಟೇರಿಯನ್ ಮುಖ ಸಿಂಡರಿಸುತ್ತಾನೆ. ಲೇಜೆಲ್ ಬಾಯಿ ತೆರೆದರೆ ಅಪ್ಪಣೆ, ಇಲ್ಲಾ ಅವಮಾನ. ಶ್ಯಾಡೋಹಾರ್ಟ್ ಏನು ಕೇಳಿದರೂ ಹೇಳುವುದಿಲ್ಲ, ಯುದ್ಧದಲ್ಲಿ ಹೊಡೆದದ್ದು ತಾಗುವುದೂ ಇಲ್ಲ. ಲೇಜೆಲ್, ಶ್ಯಾಡೋಹಾರ್ಟ್ ಇಬ್ಬರೂ ಒಂದು ರಾತ್ರಿ ಒಬ್ಬರಿಗೊಬ್ಬರು ಚೂರಿ ಹಿಡಿದು ನಿಂತಾಗ ಇಬ್ಬರನ್ನೂ ಉಳಿಸಬೇಕೆಂದು ಹನ್ನೊಂದು ಸಲ ಹಳೇ ಸೇವ್‌ಗೆ (ಮೊದಲು ಉಳಿಸಿಟ್ಟ ಹಂತಕ್ಕೆ) ಹೋದೆ. ಈಗ ಪ್ರತಿ ಮಾತಿಗೂ ಮೊದಲು ಯೂಟ್ಯೂಬ್ ನೋಡುವ ಚಟ ಹತ್ತಿದೆ. ಎಲ್ಲರನ್ನೂ ಖುಷಿಯಾಗಿಡದಿದ್ದರೆ ಒಳ್ಳೆಯ ಮುಕ್ತಾಯ ಸಿಗುವುದಿಲ್ಲವಾ? ಬರೆಯುವವರು ಬೇಕಂತಲೇ ಇಂಥ ಪಾತ್ರ ಮಾಡುತ್ತಾರಾ? ಇಲ್ಲಿಗೇ ಬಿಟ್ಟುಬಿಡಲಾ? ಇನ್ನೊಂದು, ಗೇಲ್ ಮತ್ತೆ ಮಂತ್ರದ ವಸ್ತು ಕೇಳುತ್ತಿದ್ದಾನೆ. ನನ್ನ ಬಳಿ ಇರುವುದು ಒಂದು ಒಳ್ಳೇ ಬೂಟು, ಒಂದೆರಡು ಉಂಗುರ. ಕೊಡಲೋ ಬೇಡವೋ?

ಉತ್ತರ: ನಿಮ್ಮ ಪತ್ರ ಓದುತ್ತಾ ನಕ್ಕೆ, ಕ್ಷಮಿಸಿ. ಅದು ನಿಮ್ಮನ್ನು ನೋಡಿ ನಕ್ಕದ್ದಲ್ಲ, ಗುರುತು ಸಿಕ್ಕಿದ ನಗು. ಹದಿನಾಲ್ಕು ವರ್ಷದಿಂದ ನಾನು ಗೇಮ್‌ಗಳಿಗೆ ಸಂಭಾಷಣೆ ಬರೆಯುವ, ಬೇರೆಯವರು ಬರೆದದ್ದನ್ನು ಆಡಿ ನೋಡಿ ಹುಳುಕು ಹುಡುಕುವ ಕೆಲಸ ಮಾಡುತ್ತಿದ್ದೇನೆ. ಆಟಗಾರರನ್ನು ಕೂರಿಸಿ ಪರೀಕ್ಷೆ ಮಾಡುವಾಗ ಅವರು ಹೆಚ್ಚು ಬೈಯುವುದು ರಾಕ್ಷಸರನ್ನಲ್ಲ, ಜೊತೆಗಾರರನ್ನು. ರಾಕ್ಷಸ ಹೊಡೆದರೆ ಅದು ಅವನ ಉದ್ಯೋಗ. ನಾವೇ ಬಿಡಿಸಿ ತಂದು, ಕವಚ ತೊಡಿಸಿ, ಗಾಯಕ್ಕೆ ಮದ್ದು ಕೊಟ್ಟವನು ಕೊಂಕು ನುಡಿದರೆ ಹೊಟ್ಟೆ ಉರಿಯುತ್ತದೆ.

ನೀವು ಕೇಳಿದ್ದು ನಾಲ್ಕು ಪ್ರಶ್ನೆ. ಒಳಗಿರುವ ಕಳವಳ ಮಾತ್ರ ಒಂದೇ: ನಾನು ತಪ್ಪಾಗಿ ಆಡುತ್ತಿದ್ದೇನಾ? ಇಲ್ಲ. ಪರದೆಯ ಮೂಲೆಯಲ್ಲಿ ‘ಹಿಡಿಸಲಿಲ್ಲ’ ಎಂದು ಬರುವ ಸಾಲನ್ನು ನೀವು ಅಂಕಪಟ್ಟಿ ಎಂದುಕೊಂಡಿದ್ದೀರಿ. ಅದು ಅಭಿಪ್ರಾಯ. ಲೇಜೆಲ್‌ಗೆ ಹಿಡಿಸಲಿಲ್ಲ ಎಂದರೆ ಲೇಜೆಲ್‌ಗೆ ಹಿಡಿಸಲಿಲ್ಲ, ಅಷ್ಟೇ. ಆಟ ನಿಮಗೆ ಕೆಂಪು ಶಾಯಿ ಹಾಕಿಲ್ಲ.

ಮೊದಲು ಲೆಕ್ಕ ತಿಳಿದುಕೊಳ್ಳಿ, ಬ್ಯಾಂಕಿನವರಿಗೆ ಇದು ಸುಲಭ. ನಿಮ್ಮ ಒಂದು ಮಾತಿಗೋ ಕೆಲಸಕ್ಕೋ ಸಂಗಾತಿಯ ಮೆಚ್ಚುಗೆ ಏರುವುದು, ಇಳಿಯುವುದು ಸಾಮಾನ್ಯವಾಗಿ ಒಂದು ಇಲ್ಲವೇ ಐದು ಅಂಕ. ದೊಡ್ಡ ನಿರ್ಧಾರಕ್ಕೆ ಹತ್ತು. ಅದು ಪಾತಾಳ ಮುಟ್ಟಬೇಕಾದರೆ ನೀವು ಒಬ್ಬರನ್ನೇ ಗುರಿಯಿಟ್ಟು ನೋಯಿಸುತ್ತಾ ಹೋಗಬೇಕು. ಅಲ್ಲದೆ ನಿಮ್ಮ ಜೊತೆ ನಡೆಯುತ್ತಿರುವ ಮೂವರು ಮಾತ್ರ ನಿಮ್ಮ ಸಣ್ಣಪುಟ್ಟ ನಡತೆಗೆ ಪ್ರತಿಕ್ರಿಯಿಸುತ್ತಾರೆ. ಶಿಬಿರದಲ್ಲಿ ಬಿಟ್ಟುಬಂದವರಿಗೆ ಕೆಲವು ದೊಡ್ಡ ಘಟನೆಗಳಷ್ಟೇ ಮುಟ್ಟುತ್ತವೆ. ಮೆಚ್ಚುಗೆ ಕಡಿಮೆಯಾಯಿತೆಂದು ಲೇಜೆಲ್‌ಳ ಕತ್ತಿಯೇಟು ಮೆತ್ತಗಾಗುವುದೂ ಇಲ್ಲ. ಆ ಅಂಕ ಕೆಲಸಕ್ಕೆ ಬರುವುದು ಅವರು ನಿಮ್ಮ ಹತ್ತಿರ ಎಷ್ಟು ಮನಸ್ಸು ಬಿಚ್ಚುತ್ತಾರೆ ಎನ್ನುವಲ್ಲಿ, ಪ್ರೀತಿ ಪ್ರೇಮದ ದಾರಿಯಲ್ಲಿ, ಅವರ ಸ್ವಂತ ಕಥೆಯ ಒಂದೆರಡು ಕವಲುಗಳಲ್ಲಿ.

ಮುಕ್ತಾಯದ ಭಯವನ್ನೂ ಇಲ್ಲೇ ಬಿಟ್ಟುಬಿಡಿ. ಎಲ್ಲರನ್ನೂ ಒಲಿಸಿಕೊಂಡವರಿಗೆ ಮಾತ್ರ ಸಿಗುವ ಬೀಗ ಹಾಕಿದ ಒಳ್ಳೆಯ ಮುಕ್ತಾಯ ಈ ಆಟದಲ್ಲಿಲ್ಲ. ನಾನು ಮೊದಲ ಸಲ ಆಡಿದಾಗ ಗೇಲ್‌ನನ್ನು ಆ ಕಲ್ಲಿನ ದ್ವಾರದಿಂದ ಹೊರಗೆಳೆಯಲೇ ಇಲ್ಲ. ಒಂದು ಕೈ ಹೊರಚಾಚಿ ಯಾರೋ ಕೂಗುತ್ತಿದ್ದರು, ನನಗೆ ಮೋಸ ಅನ್ನಿಸಿತು, ಮುಂದೆ ಹೋದೆ. ಅವನಿಲ್ಲದೆಯೇ ಆಟ ಚೆನ್ನಾಗಿ ಮುಗಿಯಿತು. ಈ ಆಟ ಮಾಡಿದ ಲೇರಿಯನ್‌ ಕಂಪನಿಯವರು ಬಿಡುಗಡೆಗೆ ಮೊದಲು ತಮ್ಮ ಆಟದಲ್ಲಿ 174 ಗಂಟೆಯ ದೃಶ್ಯಗಳಿವೆ ಎಂದು ಹೇಳಿಕೊಂಡಿದ್ದರು. ಅಷ್ಟನ್ನೂ ಒಬ್ಬರೇ ಒಂದೇ ಸುತ್ತಿನಲ್ಲಿ ನೋಡಲಿ ಎಂದು ಯಾರೂ ಮಾಡಿದ್ದಲ್ಲ. ಒಂದು ದಾರಿ ಹಿಡಿದರೆ ಇನ್ನೊಂದು ತಪ್ಪಲೇಬೇಕು.

ಹಾಗಂತ ಯಾವುದಕ್ಕೂ ಬೆಲೆಯಿಲ್ಲ ಎಂದುಕೊಳ್ಳಬೇಡಿ. ಮರಳಿ ಬಾರದ ನಿರ್ಧಾರಗಳು ಕೆಲವಿವೆ. ಡ್ರೂಯಿಡ್‌ಗಳ (ಕಾಡನ್ನು ಕಾಯುವ ಮಂತ್ರವಾದಿಗಳ) ತೋಪಿನ ಮೇಲೆ ದಾಳಿ ಮಾಡುವ ಗಾಬ್ಲಿನ್‌ಗಳ ಪಕ್ಷ ಸೇರಿದರೆ ವಿಲ್ ಮತ್ತು ಕಾರ್ಲಾಕ್ ಎಂಬ ಇನ್ನಿಬ್ಬರು ಸಂಗಾತಿಗಳು ನಿಮ್ಮ ಜೊತೆ ಇರುವುದಿಲ್ಲ, ಎಷ್ಟು ಬೆಣ್ಣೆ ಹಚ್ಚಿದರೂ. ಸತ್ತ ಸಂಗಾತಿಯನ್ನು ಶಿಬಿರದಲ್ಲಿರುವ ವಿದರ್ಸ್ ಎಂಬ ಪಾತ್ರ 200 ಚಿನ್ನಕ್ಕೆ ಎಬ್ಬಿಸಿಕೊಡುತ್ತಾನೆ, ಆದರೆ ಮುರಿದುಕೊಂಡು ಹೋದವರನ್ನು ಕರೆತರುವುದು ಅವನ ಕೈಲೂ ಇಲ್ಲ. ನೀವು ಬರೆದಿರುವ ಸ್ವಭಾವ ನೋಡಿದರೆ ತೋಪಿಗೆ ಬೆಂಕಿ ಇಡುವವರಲ್ಲ.

ಈಗ ಬೇಕಂತಲೇ ಮಾಡುತ್ತಾರಾ ಎಂಬ ಪ್ರಶ್ನೆಗೆ ಬರೋಣ. ಹೌದು, ಬೇಕಂತಲೇ. ಮುಚ್ಚಿಡುವುದೇನಿದೆ.

ನೂರು ಗಂಟೆ ನಡೆಯುವ ಕಥೆಯಲ್ಲಿ ಪಾತ್ರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದೇ ಬರೆಯುವವರ ಬಂಡವಾಳ. ದೂರ ಹೋಗಬೇಕಾದರೆ ದೂರದಿಂದ ಹೊರಡಬೇಕು. ಮೊದಲ ದಿನವೇ ಸಜ್ಜನರಾದವರಿಗೆ ಮುಂದೆ ಮಾಡಲು ಕೆಲಸವಿರುವುದಿಲ್ಲ. ಇದನ್ನು ಅತಿರೇಕಕ್ಕೆ ಒಯ್ದ ಉದಾಹರಣೆ ಜಪಾನಿನಲ್ಲಿ 2005ರಲ್ಲಿ ಬಂದ ‘ಟೇಲ್ಸ್ ಆಫ್ ದಿ ಅಬಿಸ್’. ಅದರ ನಾಯಕ ಲ್ಯೂಕ್, ಬಂಗಲೆಯಲ್ಲಿ ಬೆಳೆದ ಹಟಮಾರಿ. ಎಲ್ಲದಕ್ಕೂ ಗೊಣಗಾಟ, ಯಾರ ಮಾತೂ ಕಿವಿಗೆ ಬೀಳದು. ಕೊನೆಗೆ ಅವನ ಮೂರ್ಖತನದಿಂದ ಒಂದು ಊರೇ ನಾಶವಾಗುತ್ತದೆ, ‘ನನ್ನ ತಪ್ಪಲ್ಲ’ ಎನ್ನುತ್ತಾನೆ, ಜೊತೆಗಾರರು ಕೈಬಿಡುತ್ತಾರೆ. ಅಲ್ಲಿಂದ ಅವನ ಕಥೆ ತಿರುಗುತ್ತದೆ. ಕೊನೆತನಕ ಆಡಿದವರು ಅವನನ್ನು ಮರೆಯುವುದಿಲ್ಲ. ಆದರೆ ಆ ತಿರುವಿಗೆ ಮೊದಲೇ ಆಟ ಬಿಟ್ಟವರನ್ನೂ ನಾನು ಬಲ್ಲೆ, ಅವರನ್ನು ತಪ್ಪೆನ್ನಲಾರೆ. ಇಪ್ಪತ್ತು ಗಂಟೆ ಸಹಿಸಿಕೊಂಡರೆ ಫಲ ಸಿಗುತ್ತದೆ ಎಂಬುದು ಬರೆಯುವವರಿಗೆ ಗೊತ್ತು, ಆಡುವವರಿಗೆ ಗೊತ್ತಿರುವುದಿಲ್ಲವಲ್ಲ. ನಮ್ಮ ಕಸುಬಿನ ದೊಡ್ಡ ಜೂಜು ಅದು.

ಲೇಜೆಲ್ ವಿಷಯದಲ್ಲಿ ಆ ಜೂಜು ಗೆದ್ದಿದೆ ಎನ್ನುವವನು ನಾನು. ಸ್ವಲ್ಪ ಅವಳ ಕಡೆಯಿಂದ ನೋಡಿ. ನಿಮ್ಮೆಲ್ಲರ ತಲೆಯಲ್ಲೂ ಒಂದೊಂದು ಗೊದಮೊಟ್ಟೆ (ರಾಕ್ಷಸನ ಮರಿಹುಳು) ಕೂತಿದೆ. ಅದು ಇಂದೋ ನಾಳೆಯೋ ನಿಮ್ಮನ್ನು ಮೈಂಡ್‌ಫ್ಲೇಯರ್ ಎಂಬ ರಾಕ್ಷಸನಾಗಿ ಮಾಡಿಬಿಡುತ್ತದೆ. ಆ ಜಾತಿಯ ಗುಲಾಮಗಿರಿಯನ್ನು ತಲೆಮಾರುಗಟ್ಟಲೆ ಉಂಡು ದಂಗೆ ಎದ್ದು ಬಂದವರು ಅವಳ ಜನ ಗಿತ್‌ಯಾಂಕಿಗಳು. ಹುಟ್ಟಿನಿಂದ ಅವಳಿಗೆ ಕಲಿಸಿರುವುದು ಒಂದೇ: ಹೀಗಾದರೆ ತಕ್ಷಣ ನಮ್ಮವರ ನೆಲೆಗೆ ಹೋಗು, ಔಷಧಿ ಅಲ್ಲೇ ಇದೆ. ನೀವು ದಾರಿಯಲ್ಲಿ ಸಿಕ್ಕವರ ಕಳೆದ ವಸ್ತು ಹುಡುಕಿಕೊಡುತ್ತಾ, ಅಳಿಲಿನ ಜೊತೆ ಮಾತಾಡುತ್ತಾ ಹೊರಟಿದ್ದೀರಿ. ಮನೆಗೆ ಬೆಂಕಿ ಬಿದ್ದಾಗ ರಂಗೋಲಿ ಹಾಕುತ್ತಾ ಕೂತವರನ್ನು ಕಂಡರೆ ನೀವಾದರೂ ಏನನ್ನುತ್ತಿದ್ದಿರಿ? ಅವಳ ಒರಟುತನದ ಕೆಳಗಿರುವುದು ಗಾಬರಿ. ಅದನ್ನು ಹೇಳಿಕೊಳ್ಳುವ ಭಾಷೆ ಅವಳಿಗೆ ಯಾರೂ ಕಲಿಸಿಲ್ಲ.

ಶ್ಯಾಡೋಹಾರ್ಟ್ ಜೊತೆ ಅವಳಿಗೇಕೆ ಆಗುವುದಿಲ್ಲ ಎಂಬುದೂ ಇದರಲ್ಲೇ ಇದೆ. ಶ್ಯಾಡೋಹಾರ್ಟ್ ಮಡಿಲಲ್ಲಿ ಕಟ್ಟಿಕೊಂಡಿರುವ ಆ ಮುಳ್ಳುಮುಳ್ಳಾದ ವಸ್ತು ಗಿತ್‌ಯಾಂಕಿಗಳಿಂದ ಕದ್ದದ್ದು. ಒಬ್ಬಳಿಗೆ ಅದು ದೇವರ ಕೆಲಸ, ಇನ್ನೊಬ್ಬಳಿಗೆ ತನ್ನ ಜನದ ಸ್ವತ್ತು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇವರನ್ನು ಒಂದೇ ಡೇರೆಯ ಪಕ್ಕ ಮಲಗಿಸಿದವರು ಜಗಳವಾಗಲಿ ಎಂದೇ ಮಲಗಿಸಿದ್ದು.

ಈ ಜಗಳಕ್ಕೂ ಒಂದು ವಂಶಾವಳಿ ಇದೆ. 1998ರಲ್ಲಿ ಕೆನಡಾದ ಬಯೋವೇರ್ ಮಾಡಿದ ಮೊದಲ ಬಾಲ್ಡರ್ಸ್ ಗೇಟ್‌ನಲ್ಲಿ ನಿಮ್ಮ ತಂಡಕ್ಕೆಲ್ಲ ಸೇರಿ ಒಂದು ‘ಕೀರ್ತಿ’ಯ ಅಂಕವಿತ್ತು. ಅದು ಕುಸಿದರೆ ಒಳ್ಳೆಯವರು ಗೊಣಗಿ ಎದ್ದುಹೋಗುತ್ತಿದ್ದರು, ತೀರಾ ಏರಿದರೆ ಕೆಟ್ಟವರು. ಖಾಲಿದ್, ಜಹೇರಾ ದಂಪತಿಯನ್ನೂ ಕ್ಸಾರ್, ಮೊಂಟರಾನ್ ಜೋಡಿಯನ್ನೂ ಒಟ್ಟಿಗೆ ಕರೆದುಕೊಂಡು ಹೋದರೆ ಹಾದಿಯಲ್ಲೇ ಹೊಡೆದಾಡಿ ಸಾಯುತ್ತಿದ್ದರು. ಜಹೇರಾಳ ಹೆಸರು ನೆನಪಿಟ್ಟುಕೊಳ್ಳಿ, ನಿಮ್ಮ ಆಟದಲ್ಲೂ ಮುಂದೆ ಸಿಗುತ್ತಾಳೆ. ಆಮೇಲೆ 2009ರ ‘ಡ್ರ್ಯಾಗನ್ ಏಜ್: ಆರಿಜಿನ್ಸ್’ನಲ್ಲಿ ಒಬ್ಬೊಬ್ಬರಿಗೂ ಬೇರೆಬೇರೆ ಮೆಚ್ಚುಗೆಯ ಅಂಕ ಬಂತು, ಜೊತೆಗೆ ಉಡುಗೊರೆ ಕೊಟ್ಟು ಅದನ್ನು ಏರಿಸುವ ಉಪಾಯವೂ ಬಂತು. ಜನ ಏನು ಮಾಡಿದರು? ಬಾಯಿಗೆ ಬಂದಂತೆ ಬೈದು ಆಮೇಲೆ ಕೈಗೊಂದು ಒಡವೆ ಇಟ್ಟು ಸರಿಮಾಡಿಕೊಂಡರು. ಇದು ಸಂಬಂಧವೋ ವ್ಯಾಪಾರವೋ ಎಂಬ ಪ್ರಶ್ನೆ ಎದ್ದಿತು. 2011ರಲ್ಲಿ ಬಂದ ‘ಡ್ರ್ಯಾಗನ್ ಏಜ್’ನ ಎರಡನೇ ಆಟದಲ್ಲಿ ಒಂದು ಜಾಣತನ ತೋರಿಸಿದರು: ಮೀಟರಿನ ಒಂದು ತುದಿಯಲ್ಲಿ ಗೆಳೆತನ, ಇನ್ನೊಂದು ತುದಿಯಲ್ಲಿ ಪೈಪೋಟಿ. ಎರಡು ತುದಿಗೂ ಅದರದರದೇ ಫಲವಿತ್ತು, ಏನೂ ಸಿಗದಿದ್ದುದು ನಡುವೆ ಓಲಾಡುವವರಿಗೆ. ಭಿನ್ನಾಭಿಪ್ರಾಯವೂ ಒಂದು ಸಂಬಂಧ ಎಂದು ಲೆಕ್ಕದಲ್ಲೇ ಒಪ್ಪಿಕೊಂಡ ಆಟ ಅದು. ಮುಂದೆ ಹೆಚ್ಚಿನವರು ಆ ದಾರಿ ಹಿಡಿಯಲಿಲ್ಲ, ನನಗದು ಇಂದಿಗೂ ಬೇಸರ. ಬಾಲ್ಡರ್ಸ್ ಗೇಟ್ 3 ಹಳೆಯ ಏರಿಳಿತದ ಲೆಕ್ಕಕ್ಕೇ ಮರಳಿತು. ಅದಕ್ಕೇ ಇಳಿದಾಗಲೆಲ್ಲ ನಿಮಗೆ ಸೋತಂತೆ ಅನ್ನಿಸುವುದು. ಒಂದು ರೂಪಾಯಿ ಸಿಕ್ಕ ಖುಷಿಗಿಂತ ಒಂದು ರೂಪಾಯಿ ಕಳೆದ ನೋವು ದೊಡ್ಡದು, ಇದನ್ನು ಕೌಂಟರಿನಲ್ಲಿ ಕೂರುವ ನಿಮಗೆ ನಾನು ಹೇಳಬೇಕೇ.

ಬರೆದವರ ಉದ್ದೇಶ ಅಷ್ಟಾಯಿತು. ಆದರೆ ಕಿರಿಕಿರಿಯೆಲ್ಲ ಬರವಣಿಗೆಯಿಂದಲೇ ಬರುವುದಿಲ್ಲ. ಈ ಮಾತನ್ನು ನಾನು ಪೆಟ್ಟು ತಿಂದು ಕಲಿತೆ. ಹಿಂದೊಮ್ಮೆ ನಾವು ಮಾಡಿದ ಒಂದು ಸಣ್ಣ ಆಟದಲ್ಲಿ ದಾರಿ ತೋರಿಸುವ ಮುದುಕಿಯೊಬ್ಬಳಿದ್ದಳು. ಪರೀಕ್ಷೆಗೆ ಬಂದವರೆಲ್ಲ ಅವಳನ್ನು ಕಂಡರೆ ಉರಿದುಬೀಳುತ್ತಿದ್ದರು. ಮಾತು ಸರಿಯಿಲ್ಲವೆಂದು ನಾನು ಮೂರು ಸಲ ತಿದ್ದಿ ಬರೆದೆ. ಮೂರು ಸಲವೂ ಅದೇ ಬೈಗುಳ. ಕೊನೆಗೆ ಪ್ರೋಗ್ರಾಮರ್ ಹುಡುಗಿಯೊಬ್ಬಳು ಗಡಿಯಾರ ಹಿಡಿದು ಕೂತು ನೋಡಿದಳು: ಆಟಗಾರ ಸುಮ್ಮನೆ ನಿಂತರೆ ನಲವತ್ತು ಸೆಕೆಂಡಿಗೊಮ್ಮೆ ಅಜ್ಜಿ ‘ಬೇಗ ಹೊರಡು ಮಗಾ’ ಎನ್ನುತ್ತಿದ್ದಳು. ಅದನ್ನು ನಾಲ್ಕು ನಿಮಿಷ ಮಾಡಿದೆವು. ಮುಂದಿನ ವಾರ ಬಂದವರು ‘ಅಜ್ಜಿ ಪಾತ್ರ ಚೆನ್ನಾಗಿದೆ’ ಎಂದು ಬರೆದುಕೊಟ್ಟರು. ಒಂದಕ್ಷರ ಬದಲಾಗಿರಲಿಲ್ಲ. ಇಂಥ ಚುಟುಕು ಮಾತಿಗೆ ನಮ್ಮ ಕಸುಬಿನಲ್ಲಿ ‘ಬಾರ್ಕ್’ ಎಂದೇ ಹೆಸರು, ಎಂದರೆ ಬೊಗಳು. ಹೆಸರಿಟ್ಟವರಿಗೆ ಅನುಭವವಿತ್ತು. ‘ಪರ್ಸೋನಾ 5’ ಆಡಿದವರನ್ನು ಕೇಳಿ, ಮೊರ್ಗಾನಾ ಎಂಬ ಬೆಕ್ಕು ರಾತ್ರಿಯಾದರೆ ಸಾಕು ‘ಇವತ್ತಿಗೆ ಮಲಗು’ ಎಂದು ಅಟ್ಟುವುದನ್ನು ಹಲ್ಲು ಕಡಿದುಕೊಂಡೇ ಹೇಳುತ್ತಾರೆ. ಬೆಕ್ಕು ಕೆಟ್ಟದ್ದಲ್ಲ, ಸಲಹೆಯೂ ಕೆಟ್ಟದ್ದಲ್ಲ. ನೂರನೇ ಸಲ ಕೇಳಿದರೆ ದೇವರನಾಮವೂ ಬೇಜಾರೇ.

ನಿಮ್ಮ ಶ್ಯಾಡೋಹಾರ್ಟ್ ಸಿಟ್ಟಿನಲ್ಲೂ ಅರ್ಧ ಹೀಗೆ ಲೆಕ್ಕದಿಂದ ಬಂದದ್ದೆಂದು ನನ್ನ ಗುಮಾನಿ. ‘ಹೊಡೆದದ್ದು ತಾಗುವುದಿಲ್ಲ’ ಎಂದಿದ್ದೀರಿ. ಅವಳ ಫೈರ್ ಬೋಲ್ಟ್ ಮಂತ್ರ ಬರುವುದು ಅವಳ ಅರೆ ಎಲ್ಫ್ ವಂಶದಿಂದ, ಅದರ ಗುರಿ ನಿಲ್ಲುವುದು ಬುದ್ಧಿಯ ಅಂಕದ ಮೇಲೆ. ಪುರೋಹಿತೆಯಾದ ಅವಳ ಬಲವಿರುವುದು ವಿವೇಕದ ಅಂಕದಲ್ಲಿ. ಹಾಗಾಗಿ ಆ ಬೆಂಕಿ ಗೋಡೆಗೇ ಹೋಗಿ ಬೀಳುತ್ತದೆ, ನಿಮಗೆ ಅವಳು ದಂಡ ಅನ್ನಿಸುತ್ತದೆ. ಜೊತೆಗೆ ಆಟ ಅವಳಿಗೆ ಕೊಟ್ಟಿರುವುದು ಟ್ರಿಕರಿ (ಮಾಯೆ, ಮೋಸದ) ಶಾಖೆ, ಹೊಸಬರಿಗೆ ಅಷ್ಟು ಉಪಯೋಗವಿಲ್ಲದ್ದು. ವಿದರ್ಸ್‌ಗೆ 100 ಚಿನ್ನ ಕೊಟ್ಟರೆ ವರ್ಗ, ಶಾಖೆ, ಅಂಕ ಎಲ್ಲ ಹೊಸದಾಗಿ ಹಂಚಿಕೊಡುತ್ತಾನೆ. ಅವಳನ್ನು ಲೈಫ್ ಇಲ್ಲವೇ ಲೈಟ್ ಶಾಖೆಗೆ ಬದಲಾಯಿಸಿ, ಫೈರ್ ಬೋಲ್ಟ್ ಮರೆತುಬಿಡಿ. ಯುದ್ಧದಲ್ಲಿ ನಂಬಿಕೆ ಹುಟ್ಟಿದ ಮೇಲೆ ಅವಳ ಮೌನ ಅಷ್ಟು ಚುಚ್ಚುವುದಿಲ್ಲ, ನೋಡಿ. ಅವಳ ಗುಟ್ಟನ್ನು ಕೆದಕದೆ ‘ನಿನಗೆ ಬೇಕಾದಾಗ ಹೇಳು’ ಎಂದು ಬಿಟ್ಟರೆ ಮೆಚ್ಚುತ್ತಾಳೆ. ಅವಳಿಗೆ ಅಪ್ಪಣೆ ಕೊಡುವ ದೇವತೆ ಶಾರ್ ಎಷ್ಟೇ ಕಠೋರಳಿರಲಿ, ನಿಮ್ಮ ದಯೆಯ ಕೆಲಸಗಳಿಗೆ ಈ ಹುಡುಗಿ ಮೆಲ್ಲಗೆ ಮೆಚ್ಚುಗೆ ಕೊಡುತ್ತಲೇ ಇರುತ್ತಾಳೆ. ಇಳಿದದ್ದನ್ನೇ ನೋಡುತ್ತಾ ಇರುವುದರಿಂದ ಏರಿದ್ದು ನಿಮ್ಮ ಕಣ್ಣಿಗೆ ಬಿದ್ದಿಲ್ಲ.

ಕೆಲವೊಮ್ಮೆ ತಪ್ಪು ನೇರವಾಗಿ ಆಟದ್ದೇ ಆಗಿರುತ್ತದೆ. 2023ರ ಆಗಸ್ಟ್‌ನಲ್ಲಿ ಇದು ಬಿಡುಗಡೆಯಾದಾಗ ‘ಗೇಲ್‌ಗೆ ಒಂದು ಒಳ್ಳೆಯ ಮಾತಾಡಿದರೆ ಸಾಕು, ಪ್ರೇಮ ನಿವೇದನೆಗೆ ಬರುತ್ತಾನೆ’ ಎಂದು ಜನ ತಮಾಷೆ ಮಾಡಿದ್ದೇ ಮಾಡಿದ್ದು. ಅದು ಪಾತ್ರದ ಗುಣವಲ್ಲ, ಬಗ್ (ಆಟದಲ್ಲಿನ ದೋಷ) ಎಂದು ನಿರ್ದೇಶಕ ಸ್ವೆನ್ ವಿಂಕೆ ಆಮೇಲೆ ಒಪ್ಪಿಕೊಂಡರು. ಪಾಪದ ಮನುಷ್ಯ ಲಂಪಟನೆಂದು ಹೆಸರು ತೆಗೆದುಕೊಂಡದ್ದು ಒಂದು ಸಂಖ್ಯೆ ತಪ್ಪಿದ್ದಕ್ಕೆ.

ನಿಮ್ಮ ಕಡೆಯದೂ ಸ್ವಲ್ಪವಿದೆ, ನೇರವಾಗಿ ಹೇಳುತ್ತೇನೆ. ಹನ್ನೊಂದು ಸಲ ಒಂದೇ ದೃಶ್ಯ ನೋಡಿದರೆ ಯಾವ ಪಾತ್ರವೂ ಮನುಷ್ಯನಂತೆ ಕಾಣುವುದಿಲ್ಲ. ಮೊದಲ ಸಲ ಚೂರಿ ಕಂಡಾಗ ಎದೆ ಧಸಕ್ಕೆಂದಿರಬೇಕು, ಹನ್ನೊಂದನೇ ಸಲ ಬರೀ ‘ದಾಳದಲ್ಲಿ ಇಪ್ಪತ್ತು ಬೀಳಲಿ’ ಎಂಬ ಹಾರೈಕೆ. ದಾಳ ಕೈಕೊಡದಿರಲು ಆಟದೊಳಗೇ ದಾರಿಗಳಿವೆ. ಇನ್ಸ್ಪಿರೇಷನ್ ಎಂಬ ಅಂಕವನ್ನು ನಾಲ್ಕರವರೆಗೆ ಕೂಡಿಡಬಹುದು, ಒಂದಕ್ಕೆ ಒಂದು ಮರು ಎಸೆತ. ಗೈಡೆನ್ಸ್ ಮಂತ್ರವಿದ್ದರೆ ನಾಲ್ಕು ಮುಖದ ಇನ್ನೊಂದು ದಾಳ ಕೂಡಿಕೊಳ್ಳುತ್ತದೆ. ಅಷ್ಟಾಗಿಯೂ ಸೋತರೆ ಆ ಸೋಲಿನಿಂದ ಕಥೆ ಎಲ್ಲಿಗೆ ಹೋಗುತ್ತದೆಂದು ಒಮ್ಮೆ ಬಿಟ್ಟು ನೋಡಿ. ಸೋತವರಿಗೆಂದು ಬರೆದ ದೃಶ್ಯಗಳಲ್ಲಿ ಬರೆಯುವವರು ಹೆಚ್ಚು ಬೆವರು ಹರಿಸಿರುತ್ತಾರೆ. ಅವನ್ನು ಯಾರೂ ನೋಡುವುದಿಲ್ಲ ಎಂಬುದು ನಮ್ಮ ಖಾಯಂ ಸಂಕಟ.

ಯೂಟ್ಯೂಬ್ ಬಗ್ಗೆ ಒಂದೇ ಮಾತು. ಅಲ್ಲಿ ‘ಸರಿಯಾದ ಉತ್ತರ’ ಎಂದು ಹೇಳುವುದು ಹೆಚ್ಚು ಅಂಕದ ಉತ್ತರ. ಅದರಂತೆ ಆಡಿದರೆ ಅಸ್ಟೇರಿಯನ್ ಎದುರು ನೀವು ಪುಂಡರು, ವಿಲ್ ಎದುರು ಸಜ್ಜನರು, ಲೇಜೆಲ್ ಎದುರು ಸಿಪಾಯಿ. ಆಮೇಲೆ ನಿಮ್ಮ ನಾಯಕಿ ಯಾರು ಎಂದು ನಿಮಗೇ ತಿಳಿಯದು.

ಇನ್ನು ಮಾಡಬಹುದಾದದ್ದು. ಎಲ್ಲಕ್ಕಿಂತ ಮೊದಲು ತಂಡ ಬದಲಾಯಿಸಿ. ನೀವು ಹೆಸರಿಸಿದ್ದು ನಾಲ್ವರನ್ನು. ಕಾರ್ಲಾಕ್ ಸಿಕ್ಕಿದ್ದಾಳೋ ಇಲ್ಲವೋ ಬರೆದಿಲ್ಲ. ಸಿಗದಿದ್ದರೆ ರಿಸನ್ ರೋಡ್ ಕಡೆ, ಹೊಳೆಯ ಹತ್ತಿರ ಹುಡುಕಿ. ಎದೆಯಲ್ಲಿ ಹೃದಯದ ಬದಲು ನರಕದ ಯಂತ್ರ ಉರಿಯುತ್ತಿದ್ದರೂ ಆ ಶಿಬಿರದಲ್ಲಿ ಮನಸಾರೆ ನಗುವವಳು ಅವಳೊಬ್ಬಳೇ. 2020ರ ಅಕ್ಟೋಬರ್‌ನಲ್ಲಿ ಆಟದ ಮೊದಲ ಭಾಗವನ್ನಷ್ಟೇ ಮುಂಗಡವಾಗಿ ಬಿಟ್ಟಾಗ ಸಂಗಾತಿಗಳಿದ್ದದ್ದು ಐವರು, ಲೇಜೆಲ್, ಶ್ಯಾಡೋಹಾರ್ಟ್, ಅಸ್ಟೇರಿಯನ್, ಗೇಲ್, ವಿಲ್. ಆಗಲೂ ಜನ ‘ಎಲ್ಲರೂ ಸಿಡುಕರು’ ಎಂದು ದೂರುತ್ತಿದ್ದರು, ನಿಮ್ಮ ದೂರಿಗೆ ಅಷ್ಟು ವಯಸ್ಸಾಗಿದೆ. ಪೂರ್ತಿ ಆಟ ಬಂದಾಗ ಕಾರ್ಲಾಕ್ ಸಂಗಾತಿಯಾಗಿ ಸೇರಿದಳು, ಗಾಳಿಯೇ ಬದಲಾಯಿತು. ನಿಮ್ಮ ಸ್ವಭಾವಕ್ಕೆ ಅವಳು, ವಿಲ್, ಗೇಲ್ ಒಗ್ಗುತ್ತಾರೆ. ಆದರೆ ಒಂದು: ವಿಲ್ ಹೊರಟಿರುವುದೇ ಕಾರ್ಲಾಕ್‌ಳ ಬೇಟೆಗೆ, ಮೊದಲ ಭೇಟಿಯಲ್ಲಿ ಸ್ವಲ್ಪ ನಿಗಾ ಇಡಿ.

‘ಅಸ್ಟೇರಿಯನ್ ಇಲ್ಲದಿದ್ದರೆ ಬೀಗ ತೆಗೆಯುವವರು ಯಾರು’ ಎನ್ನುತ್ತೀರಿ, ಎಲ್ಲರೂ ಇದನ್ನೇ ಕೇಳುತ್ತಾರೆ. ಕೈಚಳಕದ ಅಂಕವಿರುವ ಯಾರಾದರೂ ತೆಗೆಯಬಹುದು, ಬೇಕಾದರೆ ನಿಮ್ಮ ನಾಯಕಿಯನ್ನೇ ವಿದರ್ಸ್ ಬಳಿ ಕರೆದೊಯ್ದು ಹಾಗೆ ತಯಾರು ಮಾಡಿ. ಇಲ್ಲವೇ 100 ಚಿನ್ನಕ್ಕೆ ಅವನು ಬಾಡಿಗೆ ಆಳನ್ನೂ ಕೊಡುತ್ತಾನೆ. ಬಾಡಿಗೆ ಆಳು ಗೊಣಗುವುದಿಲ್ಲ, ಮೆಚ್ಚುವುದೂ ಇಲ್ಲ, ಕಥೆಯೂ ಇಲ್ಲ. ಎರಡು ದಿನ ಸುಖವಾಗಿರುತ್ತದೆ, ಮೂರನೇ ದಿನ ಬೀಗ ತೆಗೆದಾಗ ಯಾರೂ ಕೊಂಕು ನುಡಿಯಲಿಲ್ಲವಲ್ಲ ಅನ್ನಿಸುತ್ತದೆ. ನನಗಂತೂ ಹಾಗೇ ಆಯಿತು.

ಶಿಬಿರದಲ್ಲಿ ಬಿಡುವುದರಿಂದ ಆಗುವ ನಷ್ಟವನ್ನೂ ತಿಳಿದಿರಬೇಕು. ಒಬ್ಬೊಬ್ಬರಿಗೂ ಅವರದೇ ಎನ್ನುವ ಒಂದೊಂದು ಜಾಗವಿದೆ, ಅಲ್ಲಿಗೆ ಅವರನ್ನು ಬಿಟ್ಟು ಹೋಗಬಾರದು. ಬೆಟ್ಟದ ದಾರಿಯಲ್ಲಿರುವ ಗಿತ್‌ಯಾಂಕಿ ನೆಲೆಗೆ ಲೇಜೆಲ್‌ಳನ್ನು ಕರೆದೊಯ್ಯಿರಿ. ಮುಂದಿನ ಆಕ್ಟ್‌ನಲ್ಲಿ ಶಾರ್ ದೇವತೆಗೆ ಸೇರಿದ ಜಾಗ ಬಂದಾಗ ಶ್ಯಾಡೋಹಾರ್ಟ್ ಜೊತೆಯಲ್ಲಿರಲೇಬೇಕು, ಬಿಟ್ಟುಹೋದರೆ ಸಂಬಂಧಕ್ಕೇ ಕುತ್ತು. ಅಲ್ಲೇನಾಗುತ್ತದೆ ಎಂದು ಹೇಳಿ ನಿಮ್ಮ ಖುಷಿ ಕೆಡಿಸುವುದಿಲ್ಲ. ಮಿಕ್ಕಂತೆ ಯಾರನ್ನು ಎಷ್ಟು ದಿನ ಮನೆಯಲ್ಲಿ ಕೂರಿಸಿದರೂ ಆಕ್ಷೇಪವಿಲ್ಲ.

ನನಗೆ ನಿಮ್ಮ ಪತ್ರದಲ್ಲಿ ಕಾಣದ ಇನ್ನೊಂದು ಸಂಗತಿ, ಆದರೆ ಊಹಿಸಬಲ್ಲೆ: ನೀವು ಲಾಂಗ್ ರೆಸ್ಟ್ (ಶಿಬಿರದಲ್ಲಿ ರಾತ್ರಿ ಮಲಗುವುದು) ತೀರಾ ಕಡಿಮೆ ಮಾಡುತ್ತಿದ್ದೀರಿ. ಗೊದಮೊಟ್ಟೆ ಯಾವಾಗ ಬೇಕಾದರೂ ಕೈಕೊಡುತ್ತದೆ ಎಂದು ಎಲ್ಲರೂ ಹೆದರಿಸುವುದರಿಂದ ಹೊಸಬರೆಲ್ಲ ಮಲಗಲು ಅಂಜುತ್ತಾರೆ. ಆ ಹೆದರಿಕೆಗೆ ಕಥೆಯಲ್ಲಿ ಜಾಗವಿದೆ, ಲೆಕ್ಕದಲ್ಲಿಲ್ಲ. ಅದಕ್ಕೆ ದಿನಗಣನೆಯೇ ಇಲ್ಲ. ಬೆಂಕಿ ಹತ್ತಿದ ಛತ್ರದಂಥ ಕೆಲವು ಘಟನೆ ಮಾತ್ರ ಕಣ್ಣಿಗೆ ಬಿದ್ದ ಮೇಲೆ ಮುಂದೂಡಬಾರದು, ಮಲಗಿ ಎದ್ದರೆ ಒಳಗಿದ್ದವರು ಉಳಿಯುವುದಿಲ್ಲ. ಸಂಗಾತಿಗಳು ಮನಸ್ಸು ಬಿಚ್ಚುವುದು ಬಹುಪಾಲು ರಾತ್ರಿ, ಬೆಂಕಿಯ ಸುತ್ತ. ಆ ದೃಶ್ಯಗಳು ಒಂದರ ಹಿಂದೊಂದು ಸರದಿಯಲ್ಲಿ ನಿಂತಿರುತ್ತವೆ. ನೀವು ಮಲಗದಿದ್ದರೆ ಸರದಿ ಮುಂದೆ ಸರಿಯದು, ಕಥೆ ಮುಂದೆ ಹೋದರೆ ಕೆಲವು ಅಲ್ಲೇ ಉಳಿದುಹೋಗುತ್ತವೆ. ಹಗಲಿಡೀ ಅವರ ಬೈಗುಳ ಕೇಳಿ, ರಾತ್ರಿಯ ಮಾತು ತಪ್ಪಿಸಿಕೊಂಡರೆ ಯಾರಿಗಾದರೂ ರೋಸಿಹೋಗುತ್ತದೆ. ನಡುಮಟ್ಟದ ಆಟದಲ್ಲಿ ಒಂದು ರಾತ್ರಿಗೆ ಬೇಕಾಗುವುದು 40 ಅಂಕದ ಆಹಾರ. ಪೆಟ್ಟಿಗೆ, ಪೀಪಾಯಿಗಳಲ್ಲಿ ಸಿಕ್ಕಿದ್ದನ್ನು ಶಿಬಿರಕ್ಕೆ ಕಳಿಸುತ್ತಿದ್ದರೆ ಕೊರತೆ ಬೀಳದು. ದೊಡ್ಡ ಕಾಳಗವೊಂದು ಮುಗಿದ ಮೇಲೆ ಒಮ್ಮೆ ಮಲಗಿಸಿ, ಎಲ್ಲರ ತಲೆಯ ಮೇಲೆ ಆಶ್ಚರ್ಯಚಿಹ್ನೆ ಬಂದಿದೆಯಾ ನೋಡಿ.

ಕಾಳಗವೇ ದಣಿಸುತ್ತಿದ್ದರೆ ಎಕ್ಸ್‌ಪ್ಲೋರರ್ ಎಂಬ ಸುಲಭ ಮಟ್ಟಕ್ಕೆ ಇಳಿಸಿ. ನಡುವೆ ಬದಲಾಯಿಸಬಹುದು, ನಾಚಿಕೆಪಡಬೇಕಾದ್ದೇನಿಲ್ಲ. ಮೆಚ್ಚುಗೆಯ ಅಂಕ ತಿದ್ದುವ ಮಾಡ್‌ಗಳೂ (ಆಟದ ಅಭಿಮಾನಿಗಳು ಮಾಡಿದ ತಿದ್ದುಪಡಿಗಳು) ಇವೆ. ನಾನು ಬೇಡ ಎನ್ನುತ್ತೇನೆ. ಆಟಕ್ಕೆ ಹೊಸ ಪ್ಯಾಚ್ ಬಂದಾಗ ಮಾಡ್ ಹಾಕಿದ ಸೇವ್ ತೆರೆಯದೆ ಹೋದರೆ 60 ಗಂಟೆ ನೀರಿಗೆ ಹೋಮ.

ಇನ್ನೊಂದು ಇದೆ, ಇದು ಈಗಲ್ಲ, ಎರಡನೇ ಸುತ್ತು ಆಡುವ ಮನಸ್ಸಾದರೆ. ಹೊಸ ಆಟ ಶುರುಮಾಡುವಾಗ ಸ್ವಂತ ಪಾತ್ರದ ಬದಲು ಲೇಜೆಲ್‌ಳನ್ನೇ ನಾಯಕಿಯಾಗಿ ಆರಿಸಿಕೊಳ್ಳಬಹುದು. ನಿಮ್ಮ ಕಡೆ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ಕೌರವನ ಅರ್ಥ ಹೇಳುವವರು ಕೌರವ ಸರಿ ಎಂದು ನಂಬಿದವರೇನಲ್ಲ. ಆದರೆ ಆ ರಾತ್ರಿ ಅವನ ಪಕ್ಷ ಹಿಡಿದು ಕೃಷ್ಣನಿಗೇ ಉತ್ತರ ಕೊಡುವಾಗ ಕೇಳುವವರಿಗೆ ‘ಇವನದೂ ಒಂದು ನ್ಯಾಯ ಇದೆಯಲ್ಲ’ ಅನ್ನಿಸಿಬಿಡುತ್ತದೆ. ಅಂದಹಾಗೆ ಅಸ್ಟೇರಿಯನ್‌ಗೆ ಧ್ವನಿ ಕೊಟ್ಟ ನೀಲ್ ನ್ಯೂಬನ್‌ಗೆ 2023ರ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಅಭಿನಯದ ಪ್ರಶಸ್ತಿ ಬಂತು. ನಿಮಗೆ ಅವನನ್ನು ಕಂಡರೆ ಮೈ ಉರಿಯುತ್ತದೆ ಎಂದರೆ ಆ ಅರ್ಥಧಾರಿ ಗೆದ್ದಂತೆ.

ಬಿಟ್ಟುಬಿಡಲಾ ಎಂದಿರಿ. ಬಿಡಬಹುದು. ಆಟ ಸಾಲದ ಕಂತಲ್ಲ, ತಪ್ಪಿದರೆ ಬಡ್ಡಿ ಬೀಳುವುದಿಲ್ಲ. ತಮ್ಮನಿಗೆ ಬೇಸರವಾದೀತು ಎಂದು ಆಡಬೇಡಿ. ಆದರೆ ಅದಕ್ಕೆ ಮೊದಲು ಎರಡು ವಾರ ಹೀಗೆ ಆಡಿ ನೋಡಿ: ಯೂಟ್ಯೂಬ್ ಇಲ್ಲ, ಮಾತಿನ ನಡುವೆ ಹಳೇ ಸೇವ್‌ಗೆ ಹೋಗುವಂತಿಲ್ಲ, ಕಾರ್ಲಾಕ್ ಜೊತೆಯಲ್ಲಿ, ಲೇಜೆಲ್ ಶಿಬಿರದಲ್ಲಿ, ಅವಳ ನೆಲೆಗೆ ಹೋಗುವ ದಿನ ಮಾತ್ರ ಹೊರಗೆ. ಅಷ್ಟಾದ ಮೇಲೂ ಹತ್ತು ಗಂಟೆಗೆ ಲ್ಯಾಪ್‌ಟಾಪ್ ತೆರೆಯಲು ಕೈ ಹಿಂದೆಮುಂದೆ ನೋಡಿದರೆ ಮುಚ್ಚಿಡಿ.

ಗೇಲ್ ವಿಷಯ. ಕೊಡಿ. ಕೊಡುವುದಿಲ್ಲ ಎಂದು ಹಟ ಹಿಡಿದರೆ ಅವನು ಎದ್ದು ಹೋಗುತ್ತಾನೆ. ಒಟ್ಟು ಮೂರು ವಸ್ತು ತಿನ್ನುತ್ತಾನೆ, ಆಮೇಲೆ ಕೇಳುವುದಿಲ್ಲ, ಅದಕ್ಕೆ ಕಾರಣವೂ ಕಥೆಯಲ್ಲೇ ಬರುತ್ತದೆ. ಒಳ್ಳೇದೇ ಬೇಕೆಂದು ಅವನೇನೂ ಹೇಳಿಲ್ಲ, ಮಂತ್ರ ತುಂಬಿದ್ದಾದರೆ ಸಾಕು. ಬೂಟು ನೀವೇ ಇಟ್ಟುಕೊಂಡು ಯಾರೂ ಹಾಕದ ಉಂಗುರವೊಂದನ್ನು ಕೊಟ್ಟುಬಿಡಿ.